ಊರಿಗಾಗಿ ಬರೆಯುವವನಿಗೆ ಊರೇ ಸಂಬಳ ಕೊಡಲಿ

ವಿಯೆನ್ನಾದಲ್ಲಿ ಇಂಟರ್ನೆಟ್ ಹೋರಾಟ ಅನ್ನುವುದು ಒಂದು ನೌಕರಿ. ಬೆಳಿಗ್ಗೆ ಆಫೀಸಿಗೆ ಹೋಗುತ್ತಾರೆ, ತಿಂಗಳಿಗೆ ಸಂಬಳ ಬರುತ್ತದೆ, ವರ್ಷಕ್ಕೆ ಐದು ವಾರ ರಜೆ ಇರುತ್ತದೆ. ಹಾಸನ ಜಿಲ್ಲೆಯ ನಮ್ಮ ಕಡೆ ಅದೇ ಥರದ ಕೆಲಸ ಮಾಡುವವನನ್ನು ಮನೆಯವರೇ "ಯಾವಾಗ್ಲೂ ಮೊಬೈಲ್ ಹಿಡ್ಕೊಂಡು ಕೂತಿರ್ತಾನೆ" ಅಂತಾರೆ. ನಾನು ಹುಟ್ಟಿ ಬೆಳೆದದ್ದು ಆಲೂರು ತಾಲ್ಲೂಕಿನಲ್ಲಿ, ಈಗ ಇರುವುದು ವಿಯೆನ್ನಾದಲ್ಲಿ. ಎರಡೂ ಕಡೆ ನೋಡಿದ ಮೇಲೆ ಇದನ್ನು ಹೇಳದೆ ಇರಲಾರೆ.

ಇಲ್ಲಿನ ಮ್ಯಾಕ್ಸ್ ಶ್ರೆಮ್ಸ್ ಅವರನ್ನೇ ನೋಡಿ. 2011ರಲ್ಲಿ ಅವರು ಕಾನೂನು ವಿದ್ಯಾರ್ಥಿ. ಫೇಸ್‌ಬುಕ್ ತಮ್ಮ ಮಾಹಿತಿಯನ್ನು ಹೇಗೆ ಬಳಸುತ್ತಿದೆ ಅಂತ ಐರ್ಲೆಂಡಿನಲ್ಲಿ ದೂರು ಕೊಟ್ಟರು. 2015ರಲ್ಲಿ, ಮತ್ತೆ 2020ರಲ್ಲಿ, ಯುರೋಪಿನ ಮಾಹಿತಿಯನ್ನು ಅಮೆರಿಕಕ್ಕೆ ಕಳಿಸುವ ಒಪ್ಪಂದಗಳು ಯುರೋಪಿನ ಕೋರ್ಟಿನಲ್ಲಿ ಬಿದ್ದುಹೋದವು. ನಡುವೆ, 2017ರಲ್ಲಿ, ಅವರು 'ನೋಯ್ಬ್' ಅನ್ನುವ ಸಂಸ್ಥೆ ಕಟ್ಟಿದರು. ಚಂದಾ ಕೊಡುವ ಸದಸ್ಯರೇ ಅದಕ್ಕೆ ದೊಡ್ಡ ಬೆಂಬಲ. ಯುರೋಪಿನ ಹೊಸ ಮಾಹಿತಿ ರಕ್ಷಣೆ ಕಾನೂನು 2018ರ ಮೇ 25ರಂದು ಜಾರಿಯಾಯಿತು. ಅದೇ ದಿನ ಇವರ ದೂರುಗಳೂ ಸಲ್ಲಿಕೆಯಾದವು. ಮುಂದಿನ ಜನವರಿಯಲ್ಲಿ ಫ್ರಾನ್ಸ್ ಗೂಗಲ್‌ಗೆ 5 ಕೋಟಿ ಯೂರೋ ದಂಡ ಹಾಕಿದ್ದರ ಹಿಂದೆ ಇವರ ದೂರೂ ಇತ್ತು. ನೋಯ್ಬ್‌ನಲ್ಲಿ ವಕೀಲರಿದ್ದಾರೆ, ತಂತ್ರಜ್ಞಾನ ಬಲ್ಲವರಿದ್ದಾರೆ, ಜನಕ್ಕೆ ಅರ್ಥವಾಗುವಂತೆ ಬರೆಯುವವರಿದ್ದಾರೆ. ಎಲ್ಲರಿಗೂ ಅದು ಹೊಟ್ಟೆಪಾಡಿನ ಕೆಲಸವೇ.

ಇಂಥ ಹೋರಾಟ ವರ್ಷಗಟ್ಟಲೆ ಎಳೆಯುತ್ತದೆ. ನಮ್ಮ ಕುದುರೆಮುಖದ ಗಣಿ ವಿಷಯದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2002ರಲ್ಲಿ, ಗಣಿ ನಿಂತದ್ದು 2005ರ ಕೊನೆಗೆ. ಅಷ್ಟು ಕಾಲ ಒಬ್ಬ ಮನುಷ್ಯ ಬಿಡುವಿನ ವೇಳೆಯಲ್ಲಿ ಎಷ್ಟು ಅಂತ ಮಾಡಬಲ್ಲ?

ನನ್ನ ಅಕ್ಕನ ಮಗ ಊರಲ್ಲಿ ಕಾಡಾನೆ ಬಗ್ಗೆ ವಾಟ್ಸಾಪ್ ಗುಂಪು ನಡೆಸುತ್ತಾನೆ. ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಆನೆ ಕಾಟದ ಬಗ್ಗೆ ಬೇರೆ ಹೇಳಬೇಕಿಲ್ಲ. ಅರಣ್ಯ ಇಲಾಖೆಯೂ ಸಂದೇಶ ಕಳಿಸುತ್ತದೆ, ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಆದರೆ ಯಾವ ತೋಟದ ಬೇಲಿ ಮುರಿಯಿತು, ಇವತ್ತು ಮಕ್ಕಳು ಯಾವ ದಾರಿ ಬಿಡಬೇಕು, ಬೆಳೆ ಪರಿಹಾರದ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದೆಲ್ಲ ಅವನ ಗುಂಪಿನಲ್ಲೇ ಸಿಗುವುದು. ಯಾರೋ ಎಲ್ಲಿಯದೋ ಹಳೇ ವಿಡಿಯೋ ಹಾಕಿ "ಈಗಷ್ಟೇ ನಮ್ಮೂರಲ್ಲಿ" ಅಂದರೆ, ನಾಲ್ಕು ಕಡೆ ಫೋನ್ ಮಾಡಿ ಸುಳ್ಳು ಅಂತ ಖಾತ್ರಿ ಮಾಡಿಕೊಂಡು ತೆಗೆಯುತ್ತಾನೆ. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಅದನ್ನು ನೋಡಿಕೊಂಡೇ ಹೊರಡುತ್ತಾರೆ. ಇದು ಜೀವ ಉಳಿಸುವ ಕೆಲಸ. ಆದರೂ ಅವನು ನನ್ನ ಹತ್ತಿರ ಹೇಳಿದ್ದು: "ಮಾವ, ಇದನ್ನ ಕೆಲ್ಸ ಅಂತ ಯಾರೂ ಒಪ್ಪಲ್ಲ. ಹೆಣ್ಣಿನ ಕಡೆಯೋರು ಕೇಳಿದ್ರೆ ಏನಂತ ಹೇಳ್ಲಿ?"

ಅವನಿಗೆ ದುಡ್ಡು ಬರುವುದು ಬೇರೆ ಕಡೆಯಿಂದ. ಚಿಕ್ಕಮಗಳೂರಿನ ಹೋಮ್‌ಸ್ಟೇಗಳಿಗೆ ರೀಲ್ಸ್ ಮಾಡಿಕೊಡುತ್ತಾನೆ. ಚುನಾವಣೆ ಬಂದರೆ ಅಭ್ಯರ್ಥಿಗಳ ಪೇಜ್ ನೋಡಿಕೊಳ್ಳುತ್ತಾನೆ. ಅವನನ್ನು ನಾನು ದೂರುವುದಿಲ್ಲ. ಮುಳ್ಳಯ್ಯನಗಿರಿಯ ಮಂಜನ್ನು ತೋರಿಸಿದರೆ ಹಣ, ಅಲ್ಲಿ ಬಿದ್ದ ಪ್ಲಾಸ್ಟಿಕ್ ತೋರಿಸಿದರೆ ಬೈಗುಳ. ಹೀಗಿದ್ದರೆ ಚುರುಕಾದ ಹುಡುಗ ಹುಡುಗಿಯರು ಎತ್ತ ಹೋಗುತ್ತಾರೆ, ನೀವೇ ಹೇಳಿ. ಈ ಕೌಶಲಕ್ಕೆ ಬೆಲೆ ಕೊಡುವವರು ವ್ಯಾಪಾರಿಗಳು ಮತ್ತು ಪಕ್ಷದವರು ಮಾತ್ರ ಆಗಿಬಿಟ್ಟಿದ್ದಾರೆ.

ಯುರೋಪಿನವರಿಗೆ ಆಗುತ್ತೆ, ನಮಗೆ ಆಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ 2015ರ ಮಾರ್ಚ್‌ನಲ್ಲಿ ರದ್ದಾದದ್ದು ಶ್ರೇಯಾ ಸಿಂಘಾಲ್ ಎಂಬ ಯುವತಿ ಹಾಕಿದ ಅರ್ಜಿಯಿಂದ. ಅವರ ತಾಯಿ ಸುಪ್ರೀಂ ಕೋರ್ಟ್ ವಕೀಲೆ. ಆಲೂರಿನ ಹುಡುಗನಿಗೆ ಅಂಥ ಮನೆ ಇಲ್ಲ, ಅದಕ್ಕೇ ಅವನಿಗೆ ಸಂಸ್ಥೆ ಬೇಕು. ಅದೇ ವರ್ಷ ನೆಟ್ ನ್ಯೂಟ್ರಾಲಿಟಿಗಾಗಿ, ಅಂದರೆ ಇಂಟರ್ನೆಟ್ ಕಂಪನಿಗಳು ಎಲ್ಲ ವೆಬ್‌ಸೈಟ್‌ಗಳನ್ನೂ ಒಂದೇ ಥರ ಕಾಣಬೇಕು ಅಂತ, ಜನ ಟೆಲಿಕಾಂ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ಗೆ 10 ಲಕ್ಷಕ್ಕೂ ಜಾಸ್ತಿ ಇಮೇಲ್ ಕಳಿಸಿದರು. 2016ರ ಫೆಬ್ರವರಿಯಲ್ಲಿ ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು. ಆ ಚಳವಳಿಯಿಂದ ಹುಟ್ಟಿದ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ದೆಹಲಿಯಲ್ಲಿ ಜನರ ದೇಣಿಗೆಯಿಂದ ಕೆಲಸ ಮಾಡುತ್ತಿದೆ.

ಅಷ್ಟಕ್ಕೂ ಹಾಸನದವರಿಗೆ ಇದು ಹೊಸದೇನಲ್ಲ. ಹಾಲಿನ ಡೈರಿ ಸೆಕ್ರೆಟರಿಗೆ ಯಾರು ಸಂಬಳ ಕೊಡುತ್ತಾರೆ? ಹಾಲು ಹಾಕುವ ನಾವೇ ಅಲ್ವಾ? ಲೆಕ್ಕ ಸರಿಯಿಲ್ಲದಿದ್ದರೆ ಸಭೆಯಲ್ಲಿ ನಿಂತು ಕೇಳುತ್ತೇವೆ. ಊರಿನ ಮಾಹಿತಿ ಕೆಲಸಕ್ಕೂ ಇದೇ ಸಾಕು. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಬಹುದು. ಕಾಫಿ ಬೆಳೆಗಾರರು, ಕೂಲಿಯವರು, ಶಾಲಾ ಮಕ್ಕಳ ಪೋಷಕರು ಶಕ್ತಿ ಇದ್ದಷ್ಟು ಚಂದಾ ಕೊಡಲಿ. ಇಬ್ಬರನ್ನು ನೇಮಿಸಿ, ನೇಮಕಾತಿ ಪತ್ರ ಕೊಡಿ, ಇಎಸ್‌ಐ ಇಲ್ಲದಿದ್ದರೆ ಒಂದು ಆರೋಗ್ಯ ವಿಮೆ ಮಾಡಿಸಿ. ಚುನಾವಣೆ ಸಮಯದಲ್ಲಿ ಯಾವ ಪಕ್ಷದ ಕೆಲಸವನ್ನೂ ಹಿಡಿಯಬಾರದು ಅಂತ ಷರತ್ತು ಹಾಕಿ. ಸಂಬಳ ಕೊಟ್ಟರೆ ತಾನೇ ಹಾಗೆ ಕೇಳುವ ಹಕ್ಕು ಬರುವುದು?

ಹೊರದೇಶದಲ್ಲಿರುವ ನಮ್ಮಂಥವರೂ ಕೈ ಜೋಡಿಸಬಹುದು. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣವನ್ನು ವಿದೇಶಿ ದೇಣಿಗೆ ಅಂತ ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದನ್ನು ಎಣಿಸುತ್ತಾರೆ, ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅನುಮತಿ ಬೇಕು. ನನ್ನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟೇ ಇದೆ. ಊರಲ್ಲಿ ಏಳು ಜನ ಸಹಿ ಹಾಕಿ ಸಂಘ ಮಾಡಿದರೆ, ಮೊದಲ ವರ್ಷ ಒಬ್ಬರ ಸಂಬಳದ ಅರ್ಧ ನನ್ನದು.