ಭಾನುವಾರದ ಆರಾಧನೆಯಲ್ಲಿ ಎಲ್ಲ ವಿಶ್ವಾಸಿಗಳಿಗೂ ಮಾತು ಬೇಕೇ?

ಪರ: ವರ ಕೊಟ್ಟವನು ಬಾಯಿ ಕಟ್ಟಲಿಲ್ಲ

ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಯಾರ ಮನೆಯಲ್ಲಿ ಜ್ವರ ಬಿಡದಿದ್ದರೂ ಜನ ಮೊದಲು ಹೋಗುವುದು ಅವರ ಬಾಗಿಲಿಗೆ, ಸಭಾಪಾಲಕರಾದ ಅಯ್ಯನವರ ಬಾಗಿಲಿಗೆ ಆಮೇಲೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ರೋಗಿಯ ಅಂಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು ಅವರು ಪ್ರಾರ್ಥಿಸಿದರೆ ಅಳುವ ಮನೆಮಂದಿಯೂ ಸುಮ್ಮನಾಗುತ್ತಾರೆ. ಭಾನುವಾರ ಮಾತ್ರ ಅದೇ ಅಜ್ಜಿ ಹಿಂದಿನ ಬೆಂಚಿನಲ್ಲಿ ಕುಳಿತು, ಎಲ್ಲರ ಜೊತೆ 'ಆಮೆನ್' ಎಂದು ಮನೆಗೆ ಹೋಗುತ್ತಾರೆ. ದೇವರಾತ್ಮ ಕೊಟ್ಟ, ವಾರವಿಡೀ ಊರಿಗೆ ಬೇಕಾಗುವ ಈ ವರ ಆ ಎರಡು ಗಂಟೆ ಏಕೆ ಬೇಡ?

ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯ ತೆರೆದು ನೋಡಿ. ಕೂಡಿ ಬಂದಾಗ ಒಬ್ಬ ಕೀರ್ತನೆ ತರುತ್ತಾನೆ, ಇನ್ನೊಬ್ಬ ಉಪದೇಶ, ಮತ್ತೊಬ್ಬ ವಾಣಿ, ಅಂದರೆ ಆತ್ಮ ಆಡಿಸುವ ಅನ್ಯಭಾಷೆ, ಬೇರೊಬ್ಬ ಅದರ ಅರ್ಥ. ಒಬ್ಬರೇ ಮಾತನಾಡಿ ಉಳಿದವರೆಲ್ಲ ಗಡಿಯಾರ ನೋಡುವ ಆರಾಧನೆ ಅಲ್ಲಿಲ್ಲ. ಸುಮಾರು ಕ್ರಿ.ಶ. 55ರ ಆ ಸಭೆ ಸೇರುತ್ತಿದ್ದುದು ಮನೆಗಳಲ್ಲಿ, ದಾಸರೂ ಒಡೆಯರೂ ಒಂದೇ ಸೂರಿನಡಿ. ಕರ್ತನ ಭೋಜನದಲ್ಲಿ ಉಳ್ಳವರು ಹೊಟ್ಟೆ ತುಂಬ ಉಂಡು ಇಲ್ಲದವರು ಹಸಿದು ಉಳಿಯುತ್ತಾರೆಂದು ಪೌಲ 11ನೆಯ ಅಧ್ಯಾಯದಲ್ಲಿ ಗದರುತ್ತಾನೆ. ಅಂಥವರಿಗೇ ಅವನು ಹಾಕಿದ ನಿಯಮ ಕೇಳಿ: ಕುಳಿತಿರುವ ಬೇರೊಬ್ಬನಿಗೆ ಪ್ರಕಟನೆಯಾದರೆ, ಮಾತನಾಡುತ್ತಿರುವವನು ಸುಮ್ಮನಾಗಬೇಕು. ದಾಸ ಎದ್ದರೆ ಒಡೆಯ ಬಾಯಿ ಮುಚ್ಚಬೇಕು! ಆ ಕಾಲದ ಬೇರೆ ಯಾವ ಊಟದ ಮನೆಯಲ್ಲಿ ಇದು ನಡೆಯುತ್ತಿತ್ತು? ಸ್ತ್ರೀಯರು ಮೌನವಾಗಿರಲಿ ಎಂಬ ಮಾತೂ ಅದೇ ಪತ್ರಿಕೆಯಲ್ಲಿದೆ ನಿಜ; ಆದರೆ ಅವರು ಪ್ರವಾದಿಸುವಾಗ, ಅಂದರೆ ದೇವರ ಮಾತನ್ನು ಸಾರುವಾಗ, ತಲೆಗೆ ಮುಸುಕಿರಲಿ ಎಂದೂ ಅವನೇ ಬರೆದಿದ್ದಾನೆ. ಪ್ರವಾದಿಸದವರಿಗೆ ಆ ಸೂಚನೆ ಏತಕ್ಕೆ?

1906ರಲ್ಲಿ ಅಮೆರಿಕದಲ್ಲಿ ಇದು ಮತ್ತೆ ಕಣ್ಣೆದುರು ನಡೆಯಿತು. ಪ್ರಸಂಗಿ ವಿಲಿಯಂ ಸೀಮೋರ್ ಕಪ್ಪು ಜನಾಂಗದವರು, ಅವರ ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಹ್ಯೂಸ್ಟನ್‌ನ ಬೈಬಲ್ ಶಾಲೆಯಲ್ಲಿ ಬಿಳಿಯರ ಜೊತೆ ಕೂರುವಂತಿಲ್ಲದ ಕಾರಣ ಅವರು ಪಡಸಾಲೆಯಲ್ಲಿ ಕುಳಿತು, ತೆರೆದ ಬಾಗಿಲಿನ ಆಚೆಯಿಂದ ಪಾಠ ಕೇಳಿದರು. ಕೆಲವೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ, ಒಂದು ಕಾಲದಲ್ಲಿ ಚರ್ಚ್ ಆಗಿದ್ದು ಕುದುರೆ ಲಾಯಕ್ಕಿಳಿದಿದ್ದ ಕಟ್ಟಡದಲ್ಲಿ, ಬಿಳಿಯರೂ ಕರಿಯರೂ ಒಟ್ಟಿಗೆ ಮೊಣಕಾಲೂರಿದರು. ಅಲ್ಲಿ ಪ್ರಸಂಗ ಪೀಠವೆಂದರೆ ಒಂದರ ಮೇಲೊಂದು ಇಟ್ಟ ಎರಡು ಖಾಲಿ ಮರದ ಪೆಟ್ಟಿಗೆಗಳು. ಸೀಮೋರ್ ಬಹಳ ಹೊತ್ತು ಮೇಲಿನ ಪೆಟ್ಟಿಗೆಯೊಳಗೆ ತಲೆಯಿಟ್ಟು ಪ್ರಾರ್ಥಿಸುತ್ತಿದ್ದರಂತೆ. ಮಾತು ಬಂದವರು ಎದ್ದು ಮಾತನಾಡುತ್ತಿದ್ದರು. ನಾಯಕ ತಲೆ ಒಳಗಿಟ್ಟಾಗಲೇ ಉಳಿದವರಿಗೆ ಬಾಯಿ ಬಂದದ್ದು.

ದೀಕ್ಷಾಸ್ನಾನವಾದವರೆಲ್ಲ ಯಾಜಕರೇ ಎಂದು ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಬರೆದರು. ನಾವೂ ಅದನ್ನು ಪೀಠದಿಂದ ಹೇಳುತ್ತಲೇ ಇದ್ದೇವೆ, ಮೆಟ್ಟಿಲು ಹತ್ತಲು ಮಾತ್ರ ಪದವಿ ಪತ್ರ ಕೇಳುತ್ತೇವೆ. ಸಭಾಪಾಲಕರನ್ನು ಕಳುಹಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಹದಿನೈದು ನಿಮಿಷ, ಇಬ್ಬರು ಅಥವಾ ಮೂವರು. ಪೌಲ ಕೇಳಿದ್ದೂ ಅಷ್ಟೇ.

ವಿರೋಧ: ಎದ್ದು ನಿಲ್ಲುವವರು ಯಾರು?

ಆ ಅಜ್ಜಿಯನ್ನು ನಾನೂ ಬಲ್ಲೆ. ನಾನೂ ಅದೇ ಸಭೆಯವನು. ಆ ಹದಿನೈದು ನಿಮಿಷದಲ್ಲಿ ಎದ್ದು ನಿಲ್ಲುವವರು ಅವರಲ್ಲ. ದೇವರು ತಮಗೆ ಮಾಡಿದ್ದನ್ನು ಎದ್ದು ಸಾಕ್ಷಿ ಹೇಳುವ ಸಮಯ ನಮ್ಮಲ್ಲಿ ಈಗಲೂ ಉಂಟಲ್ಲ? ಪ್ರತಿ ಬಾರಿ ಏಳುವವರು ಅದೇ ನಾಲ್ಕು ಜನ. ಮಗನಿಗೆ ವೀಸಾ ಬಂದ ಸಾಕ್ಷಿ, ಸೈಟು ನೋಂದಣಿಯಾದ ಸಾಕ್ಷಿ. ವೀಸಾ ಸಿಗದ ಹುಡುಗನ ತಾಯಿ ಆಗ ಕೀರ್ತನೆ ಪುಸ್ತಕದ ಪುಟ ತಿರುವುತ್ತಿರುತ್ತಾಳೆ.

ಕೊರಿಂಥದ ಸಭೆಯನ್ನು ಮಾದರಿಯೆಂದು ತೋರಿಸುವವರು ಆ ಅಧ್ಯಾಯಗಳು ಏಕೆ ಬೇಕಾದವೆಂಬುದನ್ನು ಮರೆಯುತ್ತಾರೆ. ಅಲ್ಲಿ ವರಗಳೇ ಏಣಿಯಾಗಿದ್ದವು. ವಾಣಿಯಾಡುವವನು ಮೇಲಿನ ಮೆಟ್ಟಿಲು, ಆಡದವನು ಕೆಳಗೆ. ಕಣ್ಣು ಕೈಗೆ 'ನೀನು ನನಗೆ ಬೇಡ' ಎನ್ನಲಾಗದು ಎಂದು ಪೌಲ ಬರೆಯಬೇಕಾಗಿ ಬಂದದ್ದು ಯಾರೋ ಹಾಗೆ ಅನ್ನುತ್ತಿದ್ದುದರಿಂದಲೇ. ಇಂದೂ ಕೆಲವು ಸಭೆಗಳಲ್ಲಿ ಹೊಸಬರಿಗೆ ಬೀಳುವ ಪ್ರಶ್ನೆ 'ಅಭಿಷೇಕ ಆಗಿದೆಯೇ?', ಅಂದರೆ ಆತ್ಮ ಇಳಿದು ಅನ್ಯಭಾಷೆ ಬಂದಿದೆಯೇ, ಎಂಬುದು. ಅನ್ಯಭಾಷೆ ಬಾರದವನು ಇಪ್ಪತ್ತು ವರ್ಷ ಪ್ರಾಮಾಣಿಕವಾಗಿ ಕಾಣಿಕೆ ಲೆಕ್ಕ ಬರೆದಿದ್ದರೂ ಅಲ್ಲಿ ಅರೆ ವಿಶ್ವಾಸಿ.

ಅಜುಸಾದ ಕಥೆಯನ್ನೂ ಪೂರ್ತಿ ಹೇಳಬೇಕು. ಸೀಮೋರ್ ಅವರನ್ನು ಪಡಸಾಲೆಯಲ್ಲಿ ಕೂರಿಸಿದ ಗುರು ಚಾರ್ಲ್ಸ್ ಪಾರಮ್ ಕೂಡ ಅನ್ಯಭಾಷೆಯ ವರವನ್ನು ಸಾರುತ್ತಿದ್ದವರೇ. ಅದೇ ವರ್ಷ ಅಜುಸಾಕ್ಕೆ ಬಂದು, ಬಿಳಿಯರೂ ಕರಿಯರೂ ಬೆರೆತದ್ದನ್ನು ಕಂಡು ಹೇಸಿಕೊಂಡು ಹೋದರು. 1914ರಲ್ಲಿ ಅದೇ ವರವನ್ನು ಸಾರುವ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಸಭೆಗಳ ಒಕ್ಕೂಟ ಹುಟ್ಟಿದಾಗ ಸೇರಿದವರು ಬಹುಪಾಲು ಬಿಳಿಯರು. ವರ ಇಬ್ಬರಿಗೂ ಬಂದಿತ್ತು, ಗೋಡೆ ಇದ್ದಲ್ಲೇ ಇತ್ತು.

ಪಾದ್ರಿಯೇ ಬೇಡವೆಂದವರೂ ಇದ್ದಾರೆ. 1820ರ ದಶಕದ ಕೊನೆಯಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಬ್ರದರನ್ ಸಭೆಗಳಲ್ಲಿ ರೊಟ್ಟಿ, ಪಾತ್ರೆ ಇಟ್ಟ ಮೇಜಿನ ಸುತ್ತ ಯಾವ ಸಹೋದರನಾದರೂ ಎದ್ದು ಮಾತನಾಡಬಹುದು. ಸಹೋದರ ಮಾತ್ರ. ಹೆಚ್ಚಿನ ಕಡೆ ಸಹೋದರಿಯರು ಮುಸುಕು ಹಾಕಿಕೊಂಡು ಇಂದಿಗೂ ಮೌನ. ಇತ್ತ ಬಿಷಪ್ಪರು, ಸಿನೋಡು ಎಂಬ ಆಡಳಿತ ಮಹಾಸಭೆ, ಕಾಯಿದೆ ಪುಸ್ತಕ ಎಲ್ಲ ಹೊತ್ತ ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಪುಷ್ಪಲಲಿತಾ ಎಂಬ ಮಹಿಳೆ ಆಂಧ್ರದ ನಂದ್ಯಾಲದ ಬಿಷಪ್ ಆದರು. ಬರೆದಿಟ್ಟ ನಿಯಮವನ್ನು ಎದುರಿಸಬಹುದು, ತಿದ್ದಬಹುದು. 'ಆತ್ಮ ನಡೆಸಿದಂತೆ' ಎಂಬುದನ್ನು ಯಾವ ಸಭೆಯಲ್ಲಿ ತಿದ್ದುಪಡಿ ಮಾಡುತ್ತೀರಿ? ಅಯ್ಯನವರ ಪ್ರಸಂಗ ಸರಿಯಿಲ್ಲವೆಂದರೆ ಕಮಿಟಿ ದೂರು ಕೊಡುತ್ತದೆ, ವರ್ಗವಾಗುತ್ತದೆ. 'ದೇವರು ನನಗೆ ತಿಳಿಸಿದರು' ಎಂದು ಎದ್ದವನಿಗೆ ವರ್ಗಾವಣೆ ಇಲ್ಲ. ಉಳಿದವರು ವಿವೇಚಿಸಲಿ ಎಂದು ಪೌಲನೇನೋ ಬರೆದ. ಸಾಲ ಕೊಟ್ಟ ಮನುಷ್ಯ ಪ್ರವಾದಿಸುವಾಗ ಸಾಲಗಾರ ಏನು ವಿವೇಚಿಸಿಯಾನು?

ಅಜ್ಜಿಗೆ ಸಮಾನತೆ ಬೇಕೆಂದಿದ್ದರೆ ಕಾಣಿಕೆ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಕಮಿಟಿಯಲ್ಲಿ ಕುರ್ಚಿ ಕೊಡಿ. ಕಳೆದ ಚುನಾವಣೆಯಲ್ಲಿ ಅವರ ಹೆಸರನ್ನು ಯಾರೂ ಸೂಚಿಸಲಿಲ್ಲ. ಮಾತಿನ ಹಕ್ಕು ಕೇಳುವ ನನ್ನ ಗೆಳೆಯರೂ ಸೂಚಿಸಲಿಲ್ಲ, ನಾನೂ ಸೂಚಿಸಲಿಲ್ಲ.