ಲ್ಯಾಪ್‌ಟಾಪ್ ಪರದೆಯೊಳಗಿನ ಧೂಳು ಒತ್ತಿದರೆ ಹೋಗುವುದಿಲ್ಲ

‘ಪರದೆಯೊಳಗೆ ಧೂಳು ಸೇರಿದ್ದರೆ ಬೆರಳಿನಿಂದ ಒತ್ತಿ ಉಜ್ಜಿ, ಅಂಚಿಗೆ ಹೇರ್ ಡ್ರೈಯರ್ ಹಿಡಿಯಿರಿ, ಹೊರಗೆ ಬರುತ್ತದೆ’ ಎಂಬ ಸಲಹೆ ಹರಿದಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿರುವ ಎಲ್‌ಸಿಡಿ ಪರದೆ ಅಂದರೆ ಬರೀ ಒಂದು ಗಾಜಲ್ಲ. ಗಾಜಿನ ಹಿಂದೆ ಬೆಳಕನ್ನು ಸಮನಾಗಿ ಹರಡುವ ತೆಳು ಹಾಳೆಗಳಿವೆ. ಧೂಳು ಜಾಸ್ತಿ ಕೂರುವುದು ಈ ಹಾಳೆಗಳ ನಡುವೆ. ಮುಂದಿನಿಂದ ಒತ್ತಿದರೆ ಕಣ ಸ್ವಲ್ಪ ಜರುಗಬಹುದು, ಅಷ್ಟೇ. ಹಾಳೆಗೆ ಪೆಟ್ಟಾದರೆ ಮಾತ್ರ ಅಳಿಸಲಾಗದ ಬಿಳಿ ಕಲೆ ಉಳಿದುಬಿಡುತ್ತದೆ. ಬಿಸಿ ಗಾಳಿಗೆ ಅಂಚಿನ ಅಂಟು ಸಡಿಲವಾದರೆ ಇನ್ನಷ್ಟು ಧೂಳಿಗೆ ದಾರಿ ಮಾಡಿಕೊಟ್ಟ ಹಾಗೆ.

ಮೊದಲು ಅದು ಒಳಗಿನ ಧೂಳೇ ಹೌದಾ ನೋಡಿ. ಪರದೆ ಪೂರ್ತಿ ಬಿಳಿ ಮಾಡಿ. ಅಂಚು ಮಸುಕಾದ ಬೂದು ಮಚ್ಚೆ ಕಂಡರೆ ಧೂಳಿರಬಹುದು. ಸ್ಪಷ್ಟ ಅಂಚಿನ ಪುಟ್ಟ ಚುಕ್ಕೆಯಾದರೆ ಬಹುಶಃ ಪಿಕ್ಸೆಲ್ (ಪರದೆಯಲ್ಲಿ ಚಿತ್ರ ಮೂಡಿಸುವ ಪುಟ್ಟ ಬಿಂದು) ಕೆಟ್ಟಿದೆ. ಎಷ್ಟೋ ಸಲ ಕೊಳೆ ಹೊರಗೇ ಇರುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ, ತುಸು ಒದ್ದೆಯಾದ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಪರದೆಗೆ ನೇರವಾಗಿ ನೀರು ಸಿಂಪಡಿಸಬೇಡಿ, ಕೆಳಗಿನ ಅಂಚಿಗೆ ಇಳಿದರೆ ಸರ್ಕ್ಯೂಟ್ ಹಾಳಾಗಬಹುದು.

ಒಳಗಿನದ್ದೇ ಆಗಿದ್ದರೆ ವಾರಂಟಿ ಇದೆಯಾ ನೋಡಿ. ಪದರಗಳನ್ನು ನೀವೇ ಬಿಚ್ಚಿದರೆ ಒಂದು ಕಣ ತೆಗೆಯಲು ಹೋಗಿ ಹತ್ತು ಸೇರುತ್ತವೆ. ಚಿಕ್ಕ ಮಚ್ಚೆಯಾದರೆ ಸುಮ್ನೆ ಬಿಟ್ಟುಬಿಡಿ. ತೀರಾ ಕಾಡಿದರೆ ಪ್ಯಾನೆಲ್ ಬದಲಿಸಿಕೊಳ್ಳಿ.