ಚಂದಾ ಬೇಕು, ಸದಸ್ಯ ಬೇಡ

ಮೊದಲೇ ಹೇಳಿಬಿಡುತ್ತೇನೆ, ನಾನು ಮ್ಯಾನೇಜ್‌ಮೆಂಟ್ ಕಡೆಯವನಲ್ಲ. ಪೀಣ್ಯದ ಫ್ಯಾಕ್ಟರಿಯಲ್ಲಿ ಮೆಷಿನ್ ಮುಂದೆ ನಿಂತೇ ತಲೆ ನರೆತಿದೆ. ಸ್ಟ್ರೈಕ್ ಅಂದಾಗೆಲ್ಲ ಗೇಟಿನ ಮುಂದೆ ಕೂತು ಘೋಷಣೆ ಕೂಗಿದವನು. ಈಗ ನನ್ನ ಹೊಟ್ಟೆ ಉರಿಸಿರುವುದು ನಮ್ಮದೇ ಯೂನಿಯನ್.

ನಾನು ಮಾಡಿದ್ದೇನು? ವೇತನ ಒಪ್ಪಂದ ಆದಾಗ ಎಲ್ಲರ ಅರಿಯರ್ಸ್‌ನಲ್ಲೂ ಲೆವಿ ಅಂತ, ಅಂದರೆ ಯೂನಿಯನ್‌ಗೆ ಹೆಚ್ಚುವರಿ ವಂತಿಗೆ ಅಂತ, ದುಡ್ಡು ಹಿಡಿದರು. ಜನರಲ್ ಬಾಡಿಯಲ್ಲಿ ಎದ್ದು ನಿಂತು ಲೆಕ್ಕ ತೋರಿಸಿ ಅಂದೆ. ಅಷ್ಟೇ. ಸದಸ್ಯನಾದವನು ಲೆಕ್ಕದ ಪುಸ್ತಕ ನೋಡಬಹುದು ಅಂತ 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲೇ ಇತ್ತು. ಆದರೆ ಅವತ್ತಿನಿಂದ ನನಗೆ ಮ್ಯಾನೇಜ್‌ಮೆಂಟ್ 'ಏಜೆಂಟ್' ಅಂತ ಹೆಸರು ಬಿತ್ತು. ಕ್ಯಾಂಟೀನಿನಲ್ಲಿ ಪಕ್ಕ ಕೂರುತ್ತಿದ್ದವರು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್‌ಗೆ ಹೋದರು.

ಆಮೇಲೆ ಪ್ರಮೋಷನ್ ಲಿಸ್ಟ್ ಬಂತು. ಸೀನಿಯಾರಿಟಿಯಲ್ಲಿ ನನಗಿಂತ ಕೆಳಗಿದ್ದವರು ಮೇಲೆ ಹೋದರು. ಮಾತಾಡಿ ಸಾರ್ ಅಂತ ಅಧ್ಯಕ್ಷರನ್ನು ಕೇಳಿದರೆ, "ಲೆಕ್ಕ ಕೇಳೋಕೆ ಬರುತ್ತಲ್ಲ, ಇದನ್ನೂ ನೀನೇ ಕೇಳ್ಕೋ ಹೋಗಪ್ಪಾ" ಅಂದರು. ಕಮಿಟಿಯವರು ಕಿಸಕ್ಕನೆ ನಕ್ಕರು.

ನಾನೇ ಕೇಳೋಣ ಅಂದರೆ ದಾರಿ ಎಲ್ಲಿದೆ? ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಕೆಲಸದಿಂದ ತೆಗೆದರೆ ಮಾತ್ರ ಒಬ್ಬನೇ ಹೋಗಿ ವಿವಾದ ಎತ್ತಬಹುದು. ಪ್ರಮೋಷನ್ ಅಂದರೆ ಯೂನಿಯನ್ ಬೆನ್ನಿಗಿರಬೇಕು, ಇಲ್ಲವೇ ಸಾಕಷ್ಟು ಕಾರ್ಮಿಕರು ಜೊತೆಗಿರಬೇಕು. ಕಮಿಟಿಯನ್ನು ಎದುರು ಹಾಕಿಕೊಂಡು ಯಾರಪ್ಪ ಸಹಿ ಹಾಕುತ್ತಾರೆ?

ಸರಿ, ಯೂನಿಯನ್ ಮೇಲೆಯೇ ದೂರು ಕೊಡೋಣ ಅಂತ ಹೊರಟೆ. ಆ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಮಾಲೀಕರು ಮಾಡಬಾರದ ಅನುಚಿತ ಕೆಲಸಗಳು 16, ಯೂನಿಯನ್ ಮಾಡಬಾರದವು 8. ಆ ಎಂಟನ್ನು ಓದಿ ನೋಡಿ. ಘೇರಾವ್ ಮಾಡಬಾರದು, ಬೇಕಂತಲೇ ಕೆಲಸ ನಿಧಾನ ಮಾಡಬಾರದು, ಮ್ಯಾನೇಜರ್ ಮನೆ ಮುಂದೆ ಪ್ರತಿಭಟನೆ ಮಾಡಬಾರದು. ಕಾರ್ಮಿಕನಿಗೆ ಹೊಡೆದರೆ, ಬೆದರಿಸಿದರೆ ತಪ್ಪು, ನಿಜ. ಆದರೆ ಚಂದಾ ತಗೊಂಡು ಸದಸ್ಯನ ಕೈಬಿಟ್ಟರೆ? ಅದರ ಸುದ್ದಿಯೇ ಇಲ್ಲ. ನನಗೆ ಎರಡೇಟು ಬಿದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು!

ಬಿದ್ದಿದ್ದರೂ ಏನು? ಈ ಅಪರಾಧಕ್ಕೆ ಕಾರ್ಮಿಕ ನೇರವಾಗಿ ಕೋರ್ಟಿಗೆ ಹೋಗುವಂತಿರಲಿಲ್ಲ. ಸರ್ಕಾರವೇ ದೂರು ಹಾಕಬೇಕು, ಇಲ್ಲವೇ ಅದರ ಅನುಮತಿ ಬೇಕು. ಪಕ್ಕದ ಮಹಾರಾಷ್ಟ್ರದಲ್ಲಿ 1971ರಲ್ಲೇ ಬೇರೆ ಕಾಯ್ದೆ ಮಾಡಿ ಕಾರ್ಮಿಕನೇ ದೂರು ಕೊಡಲು ದಾರಿ ಮಾಡಿದ್ದರು. ನಮ್ಮ ಲೇಬರ್ ಆಫೀಸಿನಲ್ಲಿ ಸಿಕ್ಕಿದ್ದು ಉಪದೇಶ. "ನಿಮ್ಮ ನಿಮ್ಮಲ್ಲೇ ಬಗೆಹರಿಸಿಕೊಳ್ಳಿ" ಅಂದರು.

2025ರ ನವೆಂಬರ್‌ನಿಂದ ಈ ಹಳೆಯ ಕಾಯ್ದೆಗಳ ಬದಲು ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರಲ್ಲಿ ಯೂನಿಯನ್‌ಗಳ ತಪ್ಪಿನ ಪಟ್ಟಿ ಹೆಚ್ಚುಕಮ್ಮಿ ಹಳೆಯದೇ. ಒಂದಕ್ಕಿಂತ ಜಾಸ್ತಿ ಯೂನಿಯನ್ ಇದ್ದರೆ, ಶೇ. 51 ಕಾರ್ಮಿಕರ ಬೆಂಬಲ ಇರುವ ಯೂನಿಯನ್ ಒಂದೇ ಮಾತುಕತೆಗೆ ಕೂರುತ್ತದಂತೆ. ಅಂದರೆ ನಾನು ಬೇಸತ್ತು ಬೇರೆ ಯೂನಿಯನ್ ಸೇರಿದರೂ ನನ್ನ ಪರವಾಗಿ ಮಾತಾಡುವವರು ಇದೇ ಅಧ್ಯಕ್ಷರು!

ಲೆಕ್ಕ ಕೇಳಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮತ್ತೆ ಬರೆದಿದ್ದೇನೆ. ಏಜೆಂಟ್ ಅನ್ನಲಿ, ಇನ್ನೇನಾದರೂ ಅನ್ನಲಿ. ನಮ್ಮ ಲೆವಿ ದುಡ್ಡು ಎಲ್ಲಿ ಹೋಯಿತು ಅಂತ ಮೊದಲು ಹೇಳಲಿ.